ಸಹಾಯ ಬೇಕು: ಎನ್‌ಡುಟು ಬಯಲಿನಲ್ಲಿ ಚೀತಾ ಮತ್ತು ಕೋರಿ ಬಸ್ಟರ್ಡ್ ನೋಡುವ ಬಗ್ಗೆ

ಬರುವ ಫೆಬ್ರವರಿಯಲ್ಲಿ ತಂದೆಯವರೊಂದಿಗೆ ಟಾಂಜಾನಿಯಾದ ಎನ್‌ಡುಟು ಬಯಲಿಗೆ ಹೋಗುತ್ತಿದ್ದೇನೆ. ಅಲ್ಲಿ ಸಫಾರಿ ಮಾಡಿದವರ ಸಲಹೆ ಬೇಕಾಗಿದೆ. ಜ್ವಾಲಾಮುಖಿಯ ಬೂದಿಯಿಂದಾದ ಮಣ್ಣಿನಲ್ಲಿ ಬೆಳೆಯುವ ಅಲ್ಲಿನ ಗಿಡ್ಡ ಹುಲ್ಲಿನಲ್ಲಿ ಖನಿಜಾಂಶ ಹೆಚ್ಚಿರುವುದರಿಂದ ವಿಲ್ಡೆಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡುಗಳು ಆ ವೇಳೆಗೆ ಕರು ಹಾಕಲು ಅಲ್ಲಿ ಸೇರುತ್ತವೆ, ಅವುಗಳ ಬೆನ್ನಿಗೇ ಸಿಂಹ, ಚೀತಾ, ಕತ್ತೆಕಿರುಬಗಳೂ ಇರುತ್ತವೆ.

ನಾಗರಹೊಳೆಯಲ್ಲಿ ಜಿಂಕೆ ಮತ್ತು ಮುಸುವಗಳ ಎಚ್ಚರಿಕೆಯ ಕೂಗನ್ನು ಆಲಿಸಿ ಹುಲಿ, ಚಿರತೆಗಳನ್ನು ಹುಡುಕುವುದು ನಮಗೆ ರೂಢಿ. ಮರಗಳೇ ವಿರಳವಾದ ಬಯಲಿನಲ್ಲಿ ಏನನ್ನು ಗಮನಿಸಬೇಕು? ಥಾಮ್ಸನ್ ಗಸೆಲ್‌ಗಳು ಒಂದೇ ದಿಕ್ಕಿಗೆ ದಿಟ್ಟಿಸುತ್ತಿದ್ದರೆ ಅಲ್ಲಿ ಚೀತಾ ಇರಬಹುದೆಂದು ನಂಬಬಹುದೇ? ಅದು ಹಗಲಿನಲ್ಲೇ ಬೇಟೆಯಾಡುವ ಪ್ರಾಣಿಯಾದ್ದರಿಂದ ವಾಹನಗಳ ಗುಂಪು ಅದಕ್ಕೆ ಅಡ್ಡಿಯಾಗುತ್ತದೆ. ಎನ್‌ಗೊರೊಂಗೊರೊ ಸಂರಕ್ಷಣಾ ಪ್ರದೇಶಕ್ಕೆ ಸೇರಿದ ಎನ್‌ಡುಟು ಭಾಗದಲ್ಲಿ ದಾರಿ ಬಿಟ್ಟು ವಾಹನ ಓಡಿಸಲು ಅವಕಾಶವಿರುವುದರಿಂದ, ದೂರದಲ್ಲೇ ನಿಲ್ಲಿಸುವಂತೆ ಚಾಲಕರನ್ನು ಮೊದಲೇ ಒಪ್ಪಿಸುವುದು ಹೇಗೆಂದು ದಯವಿಟ್ಟು ತಿಳಿಸಿ. ಸನಿಹದ ಚಿತ್ರಕ್ಕಿಂತ ಇದು ನನಗೆ ಮುಖ್ಯ.

ತಂದೆಯವರಿಗೆ ಎಲ್ಲಕ್ಕಿಂತ ಹೆಚ್ಚಿನ ಆಸೆ ನಮ್ಮ ಎರೆಭೂತದ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕುಲಕ್ಕೇ ಸೇರಿದ ಕೋರಿ ಬಸ್ಟರ್ಡ್ ಹಕ್ಕಿಯನ್ನು ನೋಡುವುದು. ಅದು ಯಾವ ಹೊತ್ತಿನಲ್ಲಿ ಸುಲಭವಾಗಿ ಕಾಣುತ್ತದೆ, ಕೈ ನಡುಗುವ ಹಿರಿಯರಿಗೆ ಎಂಟು ಪಟ್ಟು ಹಿಗ್ಗಿಸಿ ತೋರಿಸುವ 8x42 ದುರ್ಬೀನು ಹತ್ತು ಪಟ್ಟು ಹಿಗ್ಗಿಸುವ 10x42ಕ್ಕಿಂತ ಅನುಕೂಲವೇ ಎಂಬುದನ್ನೂ ಬಳಸಿದವರು ತಿಳಿಸಬೇಕಾಗಿ ವಿನಂತಿ.