ಟಿಕೆಟ್‌ಗೆ ‘ಸೀಲ್ ಹೊಡೆಸಿ’ ಅನ್ನೋದೋ, ‘ಸೀಲ್ ಹೊಡೆದುಕೊಳ್ಳಿ’ ಅನ್ನೋದೋ? ಬರ್ಲಿನ್ ಕೈಪಿಡಿಗೆ ಪದಗಳು ಬೇಕು

ಗೆಳೆಯರೇ, ನಮಸ್ಕಾರ.

ಬೇಸಿಗೆ ಬಂತೆಂದರೆ ಬರ್ಲಿನ್ನಿನಲ್ಲಿರುವ ಕನ್ನಡದವರ ಮನೆಗಳಿಗೆ ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬರುತ್ತಾರೆ. ಮಕ್ಕಳು ಆಫೀಸಿಗೆ ಹೋದ ಮೇಲೆ ಅವರು ಕಿಟಕಿ ನೋಡುತ್ತಾ ಕೂರುವ ಬದಲು ತಾವೇ ನಾಲ್ಕು ಕಡೆ ಓಡಾಡಿಕೊಂಡು ಬರಲಿ ಅಂತ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಓದುವವರಿಗೆ ಜರ್ಮನ್ ಬರುವುದಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ಆದ್ದರಿಂದ ಪದಗಳು ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕಿವಿಗೆ ಬೀಳುವಂಥವೇ ಆಗಬೇಕು. ಹೆಚ್ಚಿನವು ಹೇಗೋ ಸಿಕ್ಕವು. ಒಂದು ಮಾತ್ರ ಕೈಗೆ ಸಿಗುತ್ತಿಲ್ಲ.

ಬರ್ಲಿನ್ನಿನ ರೈಲು ನಿಲ್ದಾಣಗಳಲ್ಲಿ ಗೇಟೇ ಇಲ್ಲ. ನಮ್ಮ ಮೆಟ್ರೋದಲ್ಲಿ ಟೋಕನ್ ತೋರಿಸಿದರೆ ಬಾಗಿಲು ತೆರೆಯುತ್ತದಲ್ಲ, ಅಂಥದ್ದು ಏನೂ ಇಲ್ಲ. ಮೆಟ್ಟಿಲು ಹತ್ತಿದರೆ ಅಥವಾ ಇಳಿದರೆ ನೇರ ಪ್ಲಾಟ್‌ಫಾರಂ. ಮೆಷಿನ್ನಿನಲ್ಲಿ ಕಾಗದದ ಟಿಕೆಟ್ ಕೊಂಡರೆ ಅಷ್ಟಕ್ಕೇ ಅದು ಚಾಲೂ ಆಗುವುದಿಲ್ಲ. ಪ್ಲಾಟ್‌ಫಾರಂ ಮೇಲೆ ಒಂದು ಚಿಕ್ಕ ಪೆಟ್ಟಿಗೆ ನಿಂತಿರುತ್ತದೆ. ಅದರ ಸೀಳಿಗೆ ಟಿಕೆಟ್ಟಿನ ತುದಿ ತೂರಿಸಬೇಕು. ಠಕ್ ಅನ್ನುತ್ತದೆ. ಹೊರಗೆ ಎಳೆದು ನೋಡಿದರೆ ದಿನ, ಗಂಟೆ, ಜಾಗದ ಗುರುತು ಒತ್ತಿರುತ್ತದೆ. ಬಸ್ಸು, ಟ್ರಾಮಿನಲ್ಲಾದರೆ ಈ ಪೆಟ್ಟಿಗೆ ಗಾಡಿಯ ಒಳಗೇ ಇರುತ್ತದೆ. ಇದನ್ನು ಮಾಡದೆ ಪ್ರಯಾಣ ಮಾಡಿದರೆ, ಕೈಯಲ್ಲಿ ಟಿಕೆಟ್ ಇದ್ದರೂ ಇಲ್ಲದ ಲೆಕ್ಕ. ಮಫ್ತಿಯಲ್ಲಿ ಚೆಕಿಂಗ್‌ನವರು ಬರುತ್ತಾರೆ, 60 ಯೂರೋ ಕಟ್ಟಬೇಕು. ಗೊತ್ತಿರಲಿಲ್ಲ ಅಂದರೂ ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಾಗಿ ಕೈಪಿಡಿಯಲ್ಲಿ ಬೇರೆ ಏನು ತಪ್ಪಿದರೂ ಪರವಾಗಿಲ್ಲ, ಈ ಒಂದು ಸಾಲು ಗೊಂದಲವಾಗಬಾರದು.

ಈ ಕೆಲಸಕ್ಕೆ ಜರ್ಮನ್ನಿನಲ್ಲಿ ‘ಎಂಟ್‌ವೆರ್ಟೆನ್’ ಅನ್ನುತ್ತಾರೆ. ‘ವೆರ್ಟ್’ ಅಂದರೆ ಬೆಲೆ. ಅದನ್ನು ಕಳೆಯುವುದು ಎಂಟ್‌ವೆರ್ಟೆನ್. ಟಿಕೆಟ್ಟನ್ನು ಇನ್ನೊಮ್ಮೆ ಬಳಸಲಾಗದಂತೆ ಮಾಡುವುದು ಅಂತ. ಇಂಗ್ಲಿಷಿನವರು ಅದೇ ಪೆಟ್ಟಿಗೆಗೆ ‘ವ್ಯಾಲಿಡೇಟ್’ ಅನ್ನುತ್ತಾರೆ, ಅಂದರೆ ಬೆಲೆ ಬರಿಸುವುದು. ಒಂದೇ ಠಕ್, ಒಬ್ಬರಿಗೆ ಬೆಲೆ ಹೋಯಿತು, ಇನ್ನೊಬ್ಬರಿಗೆ ಬಂತು! ನಮಗೆ ಎರಡೂ ಒಗ್ಗುವುದಿಲ್ಲ. ಜರ್ಮನ್ ಹಿಡಿದು ‘ಟಿಕೆಟ್ ರದ್ದು ಮಾಡಿ’ ಅಂತ ಬರೆದರೆ ಮಾವ ದುಡ್ಡು ವಾಪಸ್ ಕೇಳಲು ಕೌಂಟರ್ ಹುಡುಕುತ್ತಾರೆ. ಇಂಗ್ಲಿಷ್ ಹಿಡಿದರೆ ‘ಊರ್ಜಿತಗೊಳಿಸಿ’, ‘ಸಿಂಧುಗೊಳಿಸಿ’. ಅದು ಕೋರ್ಟಿನ ಕನ್ನಡ, ರೈಲು ಹೊರಡುವ ಹೊತ್ತಿಗೆ ಆಗುವಂಥದ್ದಲ್ಲ.

ನಾನು ನೋಡಿದ ಬೇರೆ ಪದಗಳು ಇವು. ‘ಪಂಚ್ ಮಾಡಿ’ ಪಟ್ಟಣದವರಿಗೆಲ್ಲ ಗೊತ್ತು, ಆದರೆ ಇಲ್ಲಿ ತೂತು ಬೀಳುವುದಿಲ್ಲ. ತೂತು ಕಾಣಲಿಲ್ಲ ಅಂತ ಎರಡನೇ ಸಲ ತೂರಿಸುವವರು ಇರುತ್ತಾರೆ. ‘ಮುದ್ರೆ ಒತ್ತಿ’ ಅಚ್ಚುಕಟ್ಟಾಗಿದೆ. ಆದರೆ ಮಾಧ್ವರ ಮನೆಗಳಲ್ಲಿ ಮುದ್ರೆ ಅಂದರೆ ಆಷಾಢದ ಏಕಾದಶಿಗೆ ಮಠದಲ್ಲಿ ಹಾಕಿಸಿಕೊಳ್ಳುವ ಮುದ್ರೆಯೇ ಮೊದಲು ನೆನಪಾಗುವುದು. ತಪ್ಪೇನಿಲ್ಲ, ಸುಮ್ನೆ ನಗು ಬರುತ್ತದೆ. ‘ಮೊಹರು’ ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಮಾತಿನಲ್ಲಿ ಈಗ ಯಾರೂ ಅಷ್ಟಾಗಿ ಅನ್ನುವುದಿಲ್ಲ. ‘ಠಸ್ಸೆ’, ಅದೂ ಮೊಹರೇ, ನನಗೆ ತುಂಬ ಇಷ್ಟ, ಸದ್ದೂ ಪೆಟ್ಟಿಗೆಯ ಸದ್ದಿಗೆ ಹತ್ತಿರ. ಮೈಸೂರು ಕಡೆಯವರಿಗೆ ಅದು ಎಷ್ಟು ಪರಿಚಯವೋ ಅನ್ನುವುದೊಂದೇ ಅನುಮಾನ.

ಉಳಿದದ್ದು ‘ಸೀಲ್’. ಪೋಸ್ಟ್ ಆಫೀಸು, ಪಂಚಾಯ್ತಿ, ಬ್ಯಾಂಕು ಎಲ್ಲ ಕಡೆ ಇದೇ. ಅಂಗಡಿಗೆ ‘ಸೀಲ್ ಹಾಕಿದರು’ ಅಂದರೆ ಬಾಗಿಲು ಮುಚ್ಚಿಸಿದರು. ಕಾಗದಕ್ಕೆ ‘ಸೀಲ್ ಹೊಡೆದರು’ ಅಂದರೆ ಗುರುತು ಒತ್ತಿದರು. ‘ಹೊಡೆ’ ಇದ್ದರೆ ಗೊಂದಲವಿಲ್ಲ.

ತೊಡಕು ಇರುವುದು ಹೊಡೆಯುವವರು ಯಾರು ಅನ್ನುವುದರಲ್ಲಿ. ನನ್ನ ಮೊದಲ ಕರಡಿನಲ್ಲಿ ‘ಟಿಕೆಟ್‌ಗೆ ಸೀಲ್ ಹೊಡೆಸಿ’ ಅಂತಿತ್ತು. ‘ಹೊಡೆಸು’ ಅಂದ ಕೂಡಲೇ ಎದುರಿಗೆ ಇನ್ನೊಬ್ಬ ಮನುಷ್ಯ ಇರಬೇಕು, ಅಲ್ವಾ? ಬಟ್ಟೆ ಹೊಲಿದುಕೊಳ್ಳುವುದು ಬೇರೆ, ಹೊಲಿಸಿಕೊಳ್ಳುವುದು ಬೇರೆ, ಎರಡನೆಯದಕ್ಕೆ ದರ್ಜಿ ಬೇಕು. ನಮ್ಮ ಹಿರಿಯರಿಗೆ ‘ಹೊಡೆಸಿ’ ಅಂದರೆ ಕಿಟಕಿಯ ಹಿಂದೆ ಕೂತ ಗುಮಾಸ್ತನನ್ನು ಹುಡುಕುತ್ತಾರೆ. ಬರ್ಲಿನ್ನಿನ ಎಷ್ಟೋ ನಿಲ್ದಾಣಗಳಲ್ಲಿ ಸಿಬ್ಬಂದಿಯ ಮುಖವೇ ಕಾಣುವುದಿಲ್ಲ. ಆದ್ದರಿಂದ ಈಗ ಹೀಗೆ ತಿದ್ದಿದ್ದೇನೆ: ‘ರೈಲು ಹತ್ತುವ ಮುಂಚೆ (ಬಸ್ಸು, ಟ್ರಾಮಿನಲ್ಲಾದರೆ ಹತ್ತಿದ ಕೂಡಲೇ) ಟಿಕೆಟ್ಟನ್ನು ಪೆಟ್ಟಿಗೆಗೆ ತೂರಿಸಿ, ನೀವೇ ಸೀಲ್ ಹೊಡೆದುಕೊಳ್ಳಿ.’ ಹೊಡೆಯುವುದು ಮೆಷಿನ್, ನಿಜ. ವ್ಯಾಕರಣ ಬಲ್ಲವರು ‘ಹೊಡೆಸಿಕೊಳ್ಳಿ’ ಅನ್ನಬಹುದು. ಅದಕ್ಕೆ ನಿಮ್ಮ ಅಭಿಪ್ರಾಯ ಬೇಕು. ಮೆಷಿನ್ನಿಂದ ಮಾಡಿಸುವುದಕ್ಕೆ ‘ಇಸು’ ಬೇಕೋ ಬೇಡವೋ? ಗಿರಣಿಗೆ ಹೋಗಿ ಹಿಟ್ಟು ‘ಹಾಕಿಸಿಕೊಂಡು’ ಬರುತ್ತೇವೆ, ಅಲ್ಲಿ ಗಿರಣಿಯವನು ಇರುತ್ತಾನೆ. ಮನೆಯ ಮಿಕ್ಸಿಯಲ್ಲಿ ಚಟ್ನಿ ‘ರುಬ್ಬಿಸುವುದಿಲ್ಲ’, ರುಬ್ಬುತ್ತೇವೆ. ಇದನ್ನು ಹಿಡಿದರೆ ‘ಹೊಡೆದುಕೊಳ್ಳಿ’ ಗೆಲ್ಲುತ್ತದೆ ಅಂತ ನನ್ನ ವಾದ. ಫೋನಿನಲ್ಲಿ ಟಿಕೆಟ್ ಕೊಂಡವರಿಗೆ ಈ ತಾಪತ್ರಯವೇ ಇಲ್ಲ ಅನ್ನಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ, ತಪ್ಪಿದ್ದರೆ ತಿದ್ದಿ.

ಟಿಕೆಟ್ ದರಕ್ಕೆ ಎ, ಬಿ, ಸಿ ಅಂತ ಮೂರು ಭಾಗ. ನಗರದ ನಡುಭಾಗ ಎ. ಊರಿನ ಗಡಿಯವರೆಗೆ ಬಿ. ಅದರಾಚೆ ಸಿ. ಪಕ್ಕದ ಊರು ಪಾಟ್ಸ್‌ಡಾಮ್ ಸಿಯಲ್ಲಿ. 2020ರಲ್ಲಿ ತೆರೆದ ವಿಮಾನ ನಿಲ್ದಾಣವೂ ಸಿಯಲ್ಲೇ. ರೈಲು ಟರ್ಮಿನಲ್ 1ರ ಕೆಳಗೇ ಬರುತ್ತದೆ, ಎಬಿ ಟಿಕೆಟ್ ಇಟ್ಟುಕೊಂಡು ಹತ್ತಿದರೆ ದಂಡ. ಸರ್ಕಾರಿ ಕನ್ನಡದಲ್ಲಿ ‘ವಲಯ’ ಅನ್ನಬೇಕು. ನಾನು ‘ಸುತ್ತು’ ಅಂತ ಬರೆದಿದ್ದೇನೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆ ಇದ್ದ ಹಾಗೆ ಇದು ಮೂರು ಸುತ್ತಿನ ಊರು. ಒಳಸುತ್ತು, ನಡುಸುತ್ತು, ಹೊರಸುತ್ತು. ನಕ್ಷೆ ನೋಡದವರಿಗೂ ಹಿಡಿಯುತ್ತದೆ.

ಒಳಸುತ್ತಿನ ಅಂಚಿನಲ್ಲೇ ಊರನ್ನು ಸುತ್ತು ಹಾಕುವ ಒಂದು ಎಸ್-ಬಾನ್ (ನಗರ ರೈಲು) ಇದೆ, ರಿಂಗ್‌ಬಾನ್. ಪೂರ್ತಿ ಸುತ್ತಿಗೆ ಸುಮಾರು 37 ಕಿಲೋಮೀಟರು, ಒಂದು ಗಂಟೆ. ಬೇರೆ ರೈಲುಗಳಿಗೆ ಕೊನೆಯ ನಿಲ್ದಾಣದ ಹೆಸರು ಹೇಳಿ ‘ಪಾಂಕೋ ಕಡೆ’, ‘ರೂಲೇಬೆನ್ ಕಡೆ’ ಅನ್ನಬಹುದು. ಜರ್ಮನ್ನಿನ ‘ರಿಕ್ಟುಂಗ್’ಗೆ ನಮ್ಮ ‘ಕಡೆ’ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಆದರೆ ಸುತ್ತುವ ರೈಲಿಗೆ ಕೊನೆಯೇ ಇಲ್ಲ. ಹಾಗಾಗಿ ಎಸ್-41 ಒಂದು ದಿಕ್ಕು, ಎಸ್-42 ಇನ್ನೊಂದು. ನಾನು ‘ಎಸ್-41 ಪ್ರದಕ್ಷಿಣೆ’ ಅಂತ ಬರೆದೆ, ಮುಗಿಯಿತು. ಊರು ಬಲಗೈಗೆ ಇರುತ್ತದೆ. ಎಸ್-42ಕ್ಕೆ ‘ಅಪ್ರದಕ್ಷಿಣೆ’ ಅನ್ನಲು ಮಾತ್ರ ಮನಸ್ಸು ಬರುತ್ತಿಲ್ಲ. ಮನೆಯಲ್ಲಿ ಅಮ್ಮ ಓದಿ, ‘ಆ ರೈಲು ನನಗೆ ಬೇಡಪ್ಪ’ ಅಂದರು. ‘ಎಡಸುತ್ತು’ ಆಗಬಹುದೇ? ಹಾಗಿದ್ದರೆ ಮೊದಲನೆಯದೂ ‘ಬಲಸುತ್ತು’ ಆಗಬೇಕಾಗುತ್ತದೆ, ಅದು ನನಗೆ ಇಷ್ಟವಿಲ್ಲ. ಇನ್ನೊಂದು ತಮಾಷೆ: ಎರಡು ಗಂಟೆಯ ಸಾದಾ ಟಿಕೆಟ್‌ನಲ್ಲಿ ಮಧ್ಯೆ ಇಳಿದು ಕಾಫಿ ಕುಡಿದು ಮುಂದೆ ಹೋಗಬಹುದು, ವಾಪಸ್ ಬರುವಂತಿಲ್ಲ, ಸುತ್ತು ಹಾಕುವಂತೆಯೂ ಇಲ್ಲ. ಪೂರ್ತಿ ಪ್ರದಕ್ಷಿಣೆಗೆ 24 ಗಂಟೆಯ ಟಿಕೆಟ್ ತಗೊಳ್ಳಬೇಕು.

ಬರ್ಲಿನ್ನಿನ ಮೆಟ್ರೋ ಊ-ಬಾನ್‌ಗೆ ‘ಸುರಂಗ ರೈಲು’ ಬೇಡವೆಂದಿದ್ದೇನೆ. 1902ರಲ್ಲಿ ಶುರುವಾದ ಮೊದಲ ಮಾರ್ಗವೇ ಬಹುಪಾಲು ಕಂಬಗಳ ಮೇಲಿತ್ತು. ಈಗಲೂ ಕ್ರಾಯ್ಟ್ಸ್‌ಬೆರ್ಗ್ ಬಡಾವಣೆಯಲ್ಲಿ ಊ-1 ಮೇಲೆಯೇ ಓಡುತ್ತದೆ. ಅದೇ ಬ್ರಾಂಡೆನ್‌ಬುರ್ಗ್ ದ್ವಾರದ ಹತ್ತಿರ ಎಸ್-ಬಾನ್ ನೆಲದಡಿಗೆ ಹೋಗುತ್ತದೆ. ‘ಸುರಂಗ’ ಓದಿದವರು ಇಳಿಯುವ ಮೆಟ್ಟಿಲು ಹುಡುಕುತ್ತಾ ನಿಲ್ಲುತ್ತಾರೆ. ಹೆಸರು ಹಾಗೇ ಇರಲಿ.

ಕೊನೆಯದು, ಕಡಿಮೆ ದರದ ‘ಕುರ್ತ್ಸ್‌ಸ್ಟ್ರೆಕೆ’. ರೈಲಿನಲ್ಲಿ ಮೂರು ನಿಲ್ದಾಣ, ಬಸ್ಸು ಅಥವಾ ಟ್ರಾಮಿನಲ್ಲಿ ಆರು ಸ್ಟಾಪ್‌ವರೆಗೆ ಸಾಕಾಗುವ ಟಿಕೆಟ್. ‘ಕಿರುದೂರದ ಟಿಕೆಟ್’ ಅಂದರೆ ಯಾರಿಗೂ ತಲೆಗೆ ಹೋಗಲಿಲ್ಲ. ‘ಸ್ಟೇಜ್ ಟಿಕೆಟ್’ ಅಂದೆ, ಬೆಂಗಳೂರಿನವರು ತಕ್ಷಣ ಹಿಡಿದರು. ಧಾರವಾಡ, ಕಲಬುರಗಿ, ಮಂಗಳೂರು ಕಡೆ ಬಸ್ಸಿನಲ್ಲಿ ‘ಸ್ಟೇಜ್’ ಈಗಲೂ ನಡೆಯುತ್ತದಾ, ಬೇರೆ ಮಾತಿದೆಯಾ? ‘ಠಸ್ಸೆ’ಯನ್ನು ದಿನಾ ಆಡುವವರು ಇದ್ದರೆ ಅವರೂ ದಯವಿಟ್ಟು ಬರೆಯಿರಿ. ಅದಕ್ಕೆ ಕ್ರಿಯಾಪದ ‘ಒತ್ತು’ವೋ, ‘ಹೊಡೆ’ಯೋ, ‘ಹಾಕು’ವೋ ಅನ್ನುವುದನ್ನೂ ಹೇಳಿ. ಕೈಪಿಡಿ ಅಚ್ಚಿಗೆ ಹೋಗುವ ಮುಂಚೆ ಆ ಸೀಲಿನ ಸಾಲು ತೀರ್ಮಾನವಾಗಬೇಕು.