ಠಾಣೆಯಲ್ಲಿ ಎಫ್‌ಐಆರ್ ದಾಖಲಿಸುತ್ತಿಲ್ಲ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ: ಶಿವಮೊಗ್ಗದಲ್ಲಿರುವ ನನ್ನ ತಾಯಿ ನಿವೃತ್ತ ಶಿಕ್ಷಕಿ. ಸಿಬಿಐ ಅಧಿಕಾರಿಗಳೆಂದು ಹೇಳಿಕೊಂಡವರು ವಿಡಿಯೊ ಕರೆಯಲ್ಲಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ, ನಿವೃತ್ತಿಯ ಹಣವನ್ನೆಲ್ಲ ವರ್ಗಾಯಿಸಿಕೊಂಡಿದ್ದಾರೆ. ಠಾಣೆಯಲ್ಲಿ ಅರ್ಜಿ ಪಡೆದು ಸ್ವೀಕೃತಿ ಚೀಟಿಯನ್ನಷ್ಟೇ ಕೊಟ್ಟರು. ಹಣ ಹೋಗಿರುವ ಖಾತೆ ಹೊರರಾಜ್ಯದ್ದು, ಅಲ್ಲಿಯೇ ದೂರು ಕೊಡಿ ಎನ್ನುತ್ತಿದ್ದಾರೆ. ಮುಂದೇನು ಮಾಡಬೇಕು?

ತುಮಕೂರಿನಿಂದ: ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದೀರಾ? ಇಲ್ಲವಾದರೆ ಇದನ್ನು ಓದುವುದನ್ನು ನಿಲ್ಲಿಸಿ ಈಗಲೇ ಮಾಡಿ. ಪ್ರತಿ ವರ್ಗಾವಣೆಯ ಯುಟಿಆರ್ ಸಂಖ್ಯೆ (ಬ್ಯಾಂಕ್ ಕೊಡುವ ವಹಿವಾಟಿನ ಗುರುತು ಸಂಖ್ಯೆ) ಕೈಯಲ್ಲಿರಲಿ. ಎಫ್‌ಐಆರ್ ಆಗಲಿ ಎಂದು ಕಾಯುವಷ್ಟರಲ್ಲಿ ಹಣ ಹತ್ತಾರು ಖಾತೆಗಳಿಗೆ ಹರಿದು ಹೋಗಿರುತ್ತದೆ.

ಹಾಸನದಿಂದ: ನಮ್ಮ ಭಾವನವರಿಗೂ ಇದೇ ಉತ್ತರ ಸಿಕ್ಕಿತ್ತು. ಆ ಉತ್ತರ ತಪ್ಪು, ಒಪ್ಪಿಕೊಳ್ಳಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಸಂಜ್ಞೇಯ ಅಪರಾಧ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧ) ಎಲ್ಲಿ ನಡೆದಿದ್ದರೂ ಯಾವುದೇ ಠಾಣೆ ದೂರು ದಾಖಲಿಸಿಕೊಳ್ಳಬೇಕು. ಇದನ್ನೇ ಝೀರೊ ಎಫ್‌ಐಆರ್ ಎನ್ನುವುದು. ದೂರನ್ನು ವಿದ್ಯುನ್ಮಾನ ರೂಪದಲ್ಲಿಯೂ ಕಳುಹಿಸಬಹುದು, ಆದರೆ ಮೂರು ದಿನಗಳೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಸ್ವೀಕೃತಿ ಚೀಟಿ ಎಫ್‌ಐಆರ್ ಅಲ್ಲ. ಎಷ್ಟೋ ಹಿರಿಯರು ಅದನ್ನೇ ಜೋಪಾನವಾಗಿ ಇಟ್ಟುಕೊಂಡು ತಿಂಗಳುಗಟ್ಟಲೆ ಕಾಯುತ್ತಾರೆ, ನೋಡಿದರೆ ಸಂಕಟವಾಗುತ್ತದೆ.

'ಮೊದಲು ವಿಚಾರಣೆ, ಆಮೇಲೆ ಎಫ್‌ಐಆರ್' ಎಂದೂ ಹೇಳಬಹುದು. ಹದಿನಾಲ್ಕು ದಿನಗಳ ಪ್ರಾಥಮಿಕ ವಿಚಾರಣೆಗೆ ಅವಕಾಶವಿರುವುದು ನಿಜ. ಆದರೆ ಅದು ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು, ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ, ಅದೂ ಡಿವೈಎಸ್‌ಪಿ ಅನುಮತಿಯಿದ್ದರೆ ಮಾತ್ರ. ವಂಚಿಸಿ ಹಣ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 318(4)ರಡಿ ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧ, ಹಾಗಾಗಿ ಆ ವಿಚಾರಣೆಯ ನೆಪ ಇಲ್ಲಿ ನಡೆಯುವುದಿಲ್ಲ. ದೂರಿನಲ್ಲಿ ಈ ಕಲಮನ್ನು ಸ್ಪಷ್ಟವಾಗಿ ಬರೆಯಿರಿ.

ಆದರೂ ಒಪ್ಪದಿದ್ದರೆ ದೂರಿನ ಸಾರಾಂಶವನ್ನು ಎಸ್‌ಪಿಯವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲಿಯೂ ಆಗದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 175(3)ರಡಿ ಮ್ಯಾಜಿಸ್ಟ್ರೇಟ್ ಮುಂದೆ ಪ್ರಮಾಣಪತ್ರದೊಂದಿಗೆ ಅರ್ಜಿ ಹಾಕಬಹುದು. ನಮಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಎಸ್‌ಪಿ ಕಚೇರಿಗೆ ಪತ್ರ ತಲುಪಿದ ಮೇಲೆ ಜಿಲ್ಲೆಯ ಸೆನ್ ಠಾಣೆಯಿಂದಲೇ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಠಾಣೆ) ಕರೆ ಬಂತು. ಅಲ್ಲಿನ ಸಿಬ್ಬಂದಿ ಸಹನೆಯಿಂದ ಕೇಳಿಸಿಕೊಂಡರು, ಅದನ್ನೂ ಹೇಳಲೇಬೇಕು.

ಮೈಸೂರಿನಿಂದ, ವಕೀಲೆ: ಮೇಲಿನವರು ಹೇಳಿದ್ದು ಸರಿ. ಎರಡು ಮಾತು ಸೇರಿಸುತ್ತೇನೆ. ಬ್ಯಾಂಕ್ ತಡೆಹಿಡಿದ ಹಣ ತಾನಾಗಿ ವಾಪಸ್ ಬರುವುದಿಲ್ಲ. ಸಾಮಾನ್ಯವಾಗಿ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 503ರಡಿ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಬಿಡುಗಡೆಯ ಆದೇಶ ಪಡೆಯಬೇಕಾಗುತ್ತದೆ. ತನಿಖೆಯ ಪ್ರಗತಿಯನ್ನು ತೊಂಬತ್ತು ದಿನಗಳೊಳಗೆ ದೂರುದಾರರಿಗೆ ತಿಳಿಸುವುದು ಪೊಲೀಸರ ಕರ್ತವ್ಯ, ಕೇಳಲು ಹಿಂಜರಿಯಬೇಡಿ. ಆ ವಿಡಿಯೊ ಕರೆಯ ಸಂದೇಶಗಳನ್ನು ಅಮ್ಮ ಭಯದಿಂದ ಅಳಿಸಿಬಿಡದಂತೆ ನೋಡಿಕೊಳ್ಳಿ. ಅವರಿಗೆ ಬಂದ ನಕಲಿ ವಾರಂಟ್ ಕೂಡ ಸಾಕ್ಷ್ಯವೇ.