ಎಂ.ಡಿ. ಅನಾಟಮಿಗೆ ಸೇರಿ ಬೋಧನೆಯನ್ನೇ ವೃತ್ತಿಯಾಗಿಸಿಕೊಳ್ಳಬಹುದೇ?

ಪ್ರಶ್ನೆ: ಯುವ ವೈದ್ಯೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಎಂಬಿಬಿಎಸ್ ಮುಗಿಸಿರುವ ನನಗೆ ಪೀಜಿ ಕೌನ್ಸೆಲಿಂಗ್‌ನಲ್ಲಿ ಅಂಗರಚನಾಶಾಸ್ತ್ರದ, ಅಂದರೆ ಅನಾಟಮಿಯ, ಸೀಟು ಸಿಗುವಂತಿದೆ. ಇನ್ನೊಂದು ವರ್ಷ ಕುಳಿತು ಓದಿದರೆ ಮೆಡಿಸಿನ್ ಸಿಕ್ಕೀತು ಎಂದು ತಂದೆಯವರು ಹೇಳುತ್ತಿದ್ದಾರೆ. ರೋಗಿಯ ನಾಡಿ ಹಿಡಿಯದವರನ್ನು ಡಾಕ್ಟರ್ ಎನ್ನುತ್ತಾರೆಯೇ ಎಂದು ಅಜ್ಜಿ ಕೇಳುತ್ತಾರೆ. ನನಗೆ ಮೊದಲ ವರ್ಷದಿಂದಲೂ ಹಿಡಿಸಿದ ವಿಷಯ ಇದೇ. ಹಾಸ್ಟೆಲ್ಲಿನಲ್ಲಿ ಜೂನಿಯರ್‌ಗಳಿಗೆ ಮೂಳೆಗಳನ್ನು ಕೈಗೆ ಕೊಟ್ಟು ಪಾಠ ಹೇಳುವಾಗ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಈ ವೃತ್ತಿಯಲ್ಲಿ ಬಡ್ತಿಯ ದಾರಿ ಹೇಗಿದೆ, ಮೂವತ್ತು ವರ್ಷ ಅದೇ ಪಾಠವನ್ನು ಹೇಳಿದರೆ ಬೇಸರ ಬಾರದೇ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಪ್ರಾಧ್ಯಾಪಕ, ದಾವಣಗೆರೆ

ತಾಯಿ, ಬಡ್ತಿಯ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಎಂ.ಡಿ. ಮೂರು ವರ್ಷ. ಸಹಾಯಕ ಪ್ರಾಧ್ಯಾಪಕರಾಗಿ ನಾಲ್ಕು ವರ್ಷ ಸೇವೆ ಸಲ್ಲಿಸಿ, ಸಂಶೋಧನಾ ಲೇಖನಗಳನ್ನು ಪ್ರಕಟಿಸಿದ ಮೇಲೆ ಸಹ ಪ್ರಾಧ್ಯಾಪಕ ಹುದ್ದೆ. ಅಲ್ಲಿ ಮೂರು ವರ್ಷ ಕಳೆದ ಮೇಲೆ ಪ್ರಾಧ್ಯಾಪಕ ಹುದ್ದೆ. ವೈದ್ಯಕೀಯ ಶಿಕ್ಷಣ ವಿಧಾನದ ಮೂಲ ತರಬೇತಿಯನ್ನೂ ಈಗ ಪಡೆದಿರಬೇಕಾಗುತ್ತದೆ, ಮತ್ತು ಅದು ಬಹಳ ಹಿಂದೆಯೇ ಬರಬೇಕಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಬೇಸರದ ಮಾತಿಗೆ ಬರುತ್ತೇನೆ. ಪಾಠ ಅದೇ, ಆದರೆ ದೇಹ ಅದೇ ಅಲ್ಲ. ಒಂದೇ ದೇಹದ ಎಡ ಮತ್ತು ಬಲ ಕಂಕುಳುಗಳಲ್ಲಿ ನರಜಾಲ ಬೇರೆ ಬೇರೆ ರೀತಿಯಲ್ಲಿ ಕವಲೊಡೆದಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮಕ್ಕಳೂ ಅದೇ ಮಕ್ಕಳಲ್ಲ. ಜಗಳೂರಿನ ಕಡೆಯಿಂದ ಬಂದ, ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನೊಬ್ಬ ಒಂದು ತಿಂಗಳು ಡಿಸೆಕ್ಷನ್ (ಮೃತದೇಹವನ್ನು ಬಿಡಿಸಿ ಕಲಿಯುವ) ಟೇಬಲ್ಲಿನ ತುದಿಯಲ್ಲಿ ಬಾಯಿ ಬಿಡದೆ ನಿಂತಿದ್ದ. ಒಂದು ದಿನ ಅವನನ್ನು ಕರೆದು, "ಮೊಣಕೈ ಬಾಗಿಲಿಗೆ ತಾಗಿದರೆ ಜುಮ್ಮೆನ್ನುತ್ತದಲ್ಲ, ಎಲ್ಲಿಯವರೆಗೆ?" ಎಂದು ಕನ್ನಡದಲ್ಲೇ ಕೇಳಿದೆ. ಅವನು ಕಿರುಬೆರಳನ್ನು ಮುಟ್ಟಿ ತೋರಿಸಿದ. ಅದೇ ಅಲ್ನಾರ್ ನರ ಎಂದು ಹೇಳಿ ಫೋರ್ಸೆಪ್ಸನ್ನು ಅವನ ಕೈಗೆ ಕೊಟ್ಟೆ. ಮೊಣಕೈಯ ಒಳಬದಿಯ ಮೂಳೆಯ ಹಿಂದಿನಿಂದ ಕೊಬ್ಬನ್ನು ಎಳೆಯೆಳೆಯಾಗಿ ಬಿಡಿಸುತ್ತಾ, ಆ ಬಿಳಿಯ ದಾರವನ್ನು ಅಂಗೈಯವರೆಗೆ ಅವನೇ ಹಿಂಬಾಲಿಸಿಕೊಂಡು ಹೋದ. ಅಂದು ಊಟದ ಬೆಲ್ಲು ಅವನಿಗೆ ಕೇಳಿಸಲೇ ಇಲ್ಲ.

ನಾನು ಓದುವಾಗ ಎಂಬಿಬಿಎಸ್‌ನ ಮೊದಲ ಹಂತ ಹದಿನೆಂಟು ತಿಂಗಳಿತ್ತು. 1997ರ ನಿಯಮಾವಳಿ ಅದನ್ನು ಒಂದು ವರ್ಷಕ್ಕೆ ಇಳಿಸಿತು. ಡಿಸೆಕ್ಷನ್‌ಗೆ ಸಮಯ ಸಾಲದಾಯಿತು ಎಂಬ ಕೊರಗು ನನಗೆ ಇಂದಿಗೂ ಇದೆ. ಆದರೆ 2019ರಲ್ಲಿ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮವು ಮೊದಲ ವರ್ಷದಲ್ಲೇ ವಿದ್ಯಾರ್ಥಿಗಳನ್ನು ರೋಗಿಯ ಬಳಿಗೆ ಕರೆದೊಯ್ಯಲು ಹೇಳಿದ್ದು, ಮೃತದೇಹವೇ ಮೊದಲ ಗುರು ಎಂಬುದನ್ನು ಪಾಠವಾಗಿಯೇ ಸೇರಿಸಿದ್ದು ಬಹಳ ಒಳ್ಳೆಯದಾಯಿತು.

ಉತ್ತರ 2: ಶಸ್ತ್ರಚಿಕಿತ್ಸಕ, ಚಿತ್ರದುರ್ಗ

ಮೇಲಿನ ಸರ್ ಅವರ ಮಾತಿಗೆ ನನ್ನದೊಂದು ಅನುಭವವನ್ನು ಸೇರಿಸುತ್ತೇನೆ. ಥೈರಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಗೆ ಹೋಗುವ ರಿಕರೆಂಟ್ ನರಕ್ಕೆ ಪೆಟ್ಟಾದರೆ ರೋಗಿಯ ದನಿ ಒಡೆಯುತ್ತದೆ. ಬಲಗಡೆ ಈ ನರ ಸಬ್‌ಕ್ಲೇವಿಯನ್ ರಕ್ತನಾಳವನ್ನು ಸುತ್ತಿ ಮೇಲೇರಿದರೆ, ಎಡಗಡೆ ಎದೆಯೊಳಗಿನ ಮಹಾಪಧಮನಿಯ ಕಮಾನನ್ನು ಸುತ್ತಿ ಬರುತ್ತದೆ. ಭ್ರೂಣದಲ್ಲಿ ಹೃದಯ ಕುತ್ತಿಗೆಯ ಕಡೆಯಿಂದ ಎದೆಗೆ ಇಳಿಯುವಾಗ ನರವನ್ನೂ ಜೊತೆಗೆಳೆದುಕೊಂಡು ಬಂದಿತು ಎಂದು ನಮ್ಮ ಮೇಡಂ ಎರಡು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದರು. ಕುತ್ತಿಗೆ ತೆರೆದಾಗಲೆಲ್ಲ ಆ ಹಲಗೆ ನನ್ನ ಕಣ್ಣ ಮುಂದೆ ಬರುತ್ತದೆ. ನಾಡಿ ಹಿಡಿಯುವ ನಮ್ಮಂಥವರ ಕೈಯನ್ನು ಪಳಗಿಸುವವರೂ ಡಾಕ್ಟರೇ ಎಂದು ನಿಮ್ಮ ಅಜ್ಜಿಯವರಿಗೆ ನನ್ನ ಪರವಾಗಿ ದಯವಿಟ್ಟು ತಿಳಿಸಿ.

ಉತ್ತರ 3: ಅನಾಟಮಿ ಸಹಾಯಕ ಪ್ರಾಧ್ಯಾಪಕಿ

ಕಷ್ಟದ ಮಾತನ್ನೂ ಯಾರಾದರೂ ಹೇಳಬೇಕು. ಸ್ವಂತ ಕ್ಲಿನಿಕ್ ನಡೆಸುವ ಸಹಪಾಠಿಗಳ ಆದಾಯ ನಮಗಿಲ್ಲ. ಕೆಲಸವೆಲ್ಲ ವೈದ್ಯಕೀಯ ಕಾಲೇಜುಗಳಲ್ಲೇ ಇರುವುದರಿಂದ ಊರು ಬಿಡಬೇಕಾಗಿಯೂ ಬರಬಹುದು. ದೇಹಗಳು ಕೆಡದಂತೆ ಬಳಸುವ ಫಾರ್ಮಲಿನ್ ಕಣ್ಣು, ಮೂಗುಗಳನ್ನು ಉರಿಸುತ್ತದೆ, ಮತ್ತು ಅದರಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕವೆಂದು ವರ್ಗೀಕೃತವಾಗಿದೆ. ಆದ್ದರಿಂದ ಸೇರುವ ವಿಭಾಗದಲ್ಲಿ ಗಾಳಿ ಚೆನ್ನಾಗಿ ಆಡುತ್ತದೆಯೇ ಎಂಬುದನ್ನು ಸಂಬಳದಷ್ಟೇ ಗಂಭೀರವಾಗಿ ವಿಚಾರಿಸಿ.

ಪಾಠ ಹೇಳುವುದಷ್ಟೇ ಕೆಲಸ ಎಂದೂ ಭಾವಿಸಬೇಡಿ. ವಾರಸುದಾರರಿಲ್ಲದ ದೇಹಗಳನ್ನು ಕಾಲೇಜುಗಳಿಗೆ ಒಪ್ಪಿಸಲು 1957ರ ಅನಾಟಮಿ ಕಾಯ್ದೆ ಅವಕಾಶ ಕೊಟ್ಟಿದ್ದರೂ, ನಾವು ಎದುರುನೋಡುವುದು ಮನೆಯವರೇ ಮನಸಾರೆ ಕೊಡುವ ದೇಹದಾನವನ್ನು. ಮರಣೋತ್ತರ ಪರೀಕ್ಷೆಯಾದ ದೇಹವನ್ನು ಸಾಮಾನ್ಯವಾಗಿ ಸ್ವೀಕರಿಸಲಾಗುವುದಿಲ್ಲ, ಕಣ್ಣುಗಳನ್ನು ದಾನ ಮಾಡಿದ ಮೇಲೂ ದೇಹದಾನ ಮಾಡಬಹುದು ಎಂಬುದನ್ನೆಲ್ಲ, ಆಗಷ್ಟೇ ತಂದೆಯನ್ನು ಕಳೆದುಕೊಂಡ ಮಗನಿಗೆ ಫೋನಿನಲ್ಲಿ ನಿಧಾನವಾಗಿ ವಿವರಿಸಬೇಕಾಗುತ್ತದೆ. ಅದನ್ನು ಯಾವ ಪುಸ್ತಕವೂ ನನಗೆ ಕಲಿಸಿಕೊಡಲಿಲ್ಲ.

ಕೌನ್ಸೆಲಿಂಗ್‌ನಲ್ಲಿ ಆಯ್ಕೆಯನ್ನು ಲಾಕ್ ಮಾಡುವ ಮೊದಲು, ವಿಭಾಗದ ಮುಖ್ಯಸ್ಥರ ಅನುಮತಿ ಪಡೆದು ಒಂದು ಬೆಳಗ್ಗೆ ಡಿಸೆಕ್ಷನ್ ಹಾಲಿನಲ್ಲಿ ಟ್ಯೂಟರ್ ಪಕ್ಕದಲ್ಲಿ ನಿಂತು ನೋಡಿ. ಹುಡುಗರು ತಪ್ಪು ನರವನ್ನು ಕತ್ತರಿಸಿದಾಗ ನಿಮಗೆ ಸಿಟ್ಟು ಬರುತ್ತದೆಯೋ, ಪಕ್ಕದ ಟೇಬಲ್ಲಿಗೆ ಕರೆದೊಯ್ದು ಸರಿಯಾದದ್ದನ್ನು ತೋರಿಸಬೇಕೆನಿಸುತ್ತದೆಯೋ ಗಮನಿಸಿ; ಆಮೇಲೆ ತಂದೆಯವರೊಡನೆ ಮಾತನಾಡಿ.